ಅಪ್‌ಡೇಟ್: ಫಸ್ಟ್ ಗೇರ್‌ನಲ್ಲಿ ಬೈಕ್ ಜಗ್ಗೋದು ನಿಂತಿದೆ

ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ನನ್ನ 150 ಸಿಸಿ ಬೈಕ್ ಯಾಕೆ ಜಗ್ಗುತ್ತೆ ಅಂತ ಕೇಳಿದ್ದೆ. ನೀವು ಹೇಳಿದ್ದೇ ಸರಿ, ಚೈನ್ ಸಡಿಲ.

ಎಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ತಿರುಗಿಸುತ್ತಾ ಚೈನ್ ಎಲ್ಲಿ ಅತಿ ಬಿಗಿ ಇದೆಯೋ ಅಲ್ಲೇ ಅದರ ಸಡಿಲ ಅಳೆಯಬೇಕು. ಬೆರಳಲ್ಲಿ ಎತ್ತಿದ್ರೆ 45 ಮಿ.ಮೀ. ಆಡ್ತಿತ್ತು, ಮ್ಯಾನುಯಲ್‌ನಲ್ಲಿರೋದು 25–30. ಆಕ್ಸಲ್ ನಟ್ (ಹಿಂದಿನ ಚಕ್ರದ ಅಚ್ಚಿನ ನಟ್) ಸಡಿಲಿಸಿ, ಎರಡೂ ಕಡೆ ಚೈನ್ ಅಡ್ಜಸ್ಟರ್ ಕಾಲು ಸುತ್ತಿನಂತೆ ಸಮವಾಗಿ ತಿರುಗಿಸಿ, ಗುರುತು ಎರಡೂ ಕಡೆ ಒಂದೇ ಇದೆಯಾ ನೋಡಿ ನಟ್ ಬಿಗಿ ಮಾಡಿದ್ದಾಯ್ತು.

ಇನ್ನೂ ಬಿಗಿ ಮಾಡೋಣ ಅನ್ನಬೇಡಿ. ನಮ್ಮೂರಿನ ಹಂಪ್‌ಗಳ ಮೇಲೆ ಸಸ್ಪೆನ್ಷನ್ ಕುಗ್ಗಿದಾಗ ಚೈನ್ ಎಳೆದುಕೊಂಡು ಗೇರ್‌ಬಾಕ್ಸ್ ಬೇರಿಂಗ್ ಹಾಳಾಗುತ್ತೆ. ಹಿಂದೆ ಡ್ರಮ್ ಬ್ರೇಕ್ ಇದ್ರೆ, ಚಕ್ರ ಹಿಂದಕ್ಕೆ ಸರಿದ ಮೇಲೆ ಬ್ರೇಕ್ ಹಿಡಿದುಕೊಳ್ಳುತ್ತೆ. ಪೆಡಲ್ ಪ್ಲೇ (ಬ್ರೇಕ್ ಹಿಡಿಯೋ ಮೊದಲು ಪೆಡಲ್ ಖಾಲಿ ಒತ್ತುವಷ್ಟು ಜಾಗ) ಮತ್ತೆ ಸೆಟ್ ಮಾಡಲೇಬೇಕು. ಮಳೇಲಿ ಓಡಿಸಿದ ಮೇಲೆ ಚೈನ್ ಒರೆಸಿ ಲ್ಯೂಬ್ ಹಾಕಿ.