ಟಿಎನ್‌ಎಫ್ ಕೊಟ್ಟರೂ ಕೊಡದಿದ್ದರೂ ನ್ಯೂಟ್ರೋಫಿಲ್‌ಗಳು ಒಂದೇ ತರಹ ಸಿಡಿಯುತ್ತಿವೆ, ತಪ್ಪೆಲ್ಲಿ?

ಬಿಳಿಕಣ:
ಮೂರು ವಾರದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ. ರಕ್ತದಿಂದ ನ್ಯೂಟ್ರೋಫಿಲ್ (ಬ್ಯಾಕ್ಟೀರಿಯಾ ಕೊಲ್ಲುವ ಬಿಳಿ ರಕ್ತಕಣ) ಬೇರೆ ಮಾಡಿ, ಅರ್ಧಕ್ಕೆ ಮಾತ್ರ ಟಿಎನ್‌ಎಫ್-ಆಲ್ಫಾ (ಉರಿಯೂತದ ಸಂಕೇತ ಪ್ರೋಟೀನ್) ಕೊಟ್ಟು 37 ಡಿಗ್ರಿಯಲ್ಲಿ 30 ನಿಮಿಷ ಇಡುತ್ತೇನೆ. ಆಮೇಲೆ ಎರಡಕ್ಕೂ ಎಫ್‌ಎಂಎಲ್‌ಪಿ, ಅಂದರೆ ಸಿಡಿಸುವ ಟ್ರಿಗರ್ ಆಗಿ ಬ್ಯಾಕ್ಟೀರಿಯಾದ ಪೆಪ್ಟೈಡ್‌ನಂಥದ್ದು. ಟಿಎನ್‌ಎಫ್ ಕಂಡ ಕೋಶಗಳು ತುಂಬಾ ಜಾಸ್ತಿ ಸೂಪರ್‌ಆಕ್ಸೈಡ್ (ಆಮ್ಲಜನಕದ ಚುರುಕು ರೂಪ; ಇದನ್ನು ಉಗುಳುವುದನ್ನೇ ಸಿಡಿತ ಅನ್ನುತ್ತಿದ್ದೇನೆ) ಉಗುಳಬೇಕು, ಅಲ್ವಾ? ನನ್ನ ಗ್ರಾಫಿನಲ್ಲಿ ಎರಡೂ ಗೆರೆ ಒಂದರ ಮೇಲೊಂದು ಕೂತಿವೆ. ಟಿಎನ್‌ಎಫ್‌ನ ಹೊಸ ಬಾಟಲಿ ತೆಗೆದೆ. ಅದೇ ಕಥೆ.

ಹಳೇಪಿಪೆಟ್:
ಎರಡೂ ಕೆಳಗೆ ಕೂತಿವೆಯೋ, ಮೇಲೋ?

ಬಿಳಿಕಣ:
ಮೇಲೆ. ಎರಡೂ ಜೋರು.

ಹಳೇಪಿಪೆಟ್:
ಹಾಗಾದರೆ ಟಿಎನ್‌ಎಫ್ ಮೇಲೆ ಸುಮ್ನೆ ಅನುಮಾನ ಪಡಬೇಡಿ. ನೀವು ಏನೂ ಕೊಡದ ಕೋಶಗಳೇ ಆಗಲೇ ಎಚ್ಚೆತ್ತಿವೆ.

ಮೈಯೊಳಗೆ ಇದು ಎರಡು ಹೆಜ್ಜೆಯ ಕೆಲಸ. ಸೋಂಕಾದ ಕಡೆ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಟಿಎನ್‌ಎಫ್ ಬಿಡುತ್ತವೆ. ಅದು ತಗುಲಿದ ನ್ಯೂಟ್ರೋಫಿಲ್ ಸಿಡಿಯುವುದಿಲ್ಲ, ಸಿದ್ಧವಾಗುತ್ತದೆ ಅಷ್ಟೇ (ಇದೇ ಪ್ರೈಮಿಂಗ್). ಕೋಶದೊಳಗಿನ ಕಣಿಕೆಗಳು ಪೊರೆಯ ಕಡೆ ಸರಿಯುತ್ತವೆ, ಹೊರಮೈಯಲ್ಲಿ ಸಿಡಿ11ಬಿ ಎಂಬ ಅಂಟು ಪ್ರೋಟೀನ್ ಏರುತ್ತದೆ, ಸಿಡಿ62ಎಲ್ ಎಂಬ ಇನ್ನೊಂದು ಕಳಚಿ ಬೀಳುತ್ತದೆ, ಸೂಪರ್‌ಆಕ್ಸೈಡ್ ತಯಾರಿಸುವ ಆಕ್ಸಿಡೇಸ್ ಕಿಣ್ವದ ಪಿ47 ಭಾಗಕ್ಕೆ ಅರ್ಧಂಬರ್ಧ ಫಾಸ್ಫೇಟ್ ಅಂಟುತ್ತದೆ. ಬ್ಯಾಕ್ಟೀರಿಯಾದ ಪೆಪ್ಟೈಡ್ ಎದುರಾದಾಗ ಮಾತ್ರ ಗುಂಡು ಹಾರುವುದು. ಈ ತಡೆ ಇಲ್ಲದಿದ್ದರೆ ನಮ್ಮದೇ ಅಂಗಾಂಶ ಸುಟ್ಟುಹೋಗುತ್ತಿತ್ತು.

ತೊಂದರೆ ಏನೆಂದರೆ, ಈ ಮೊದಲ ಹೆಜ್ಜೆ ನಮ್ಮ ಕೈಯಲ್ಲೂ ಆಗಿಬಿಡುತ್ತದೆ. ಬಫರಿನಲ್ಲಿ ಚೂರು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಹೊರಪದರದ ವಿಷ) ಇದ್ದರೆ ಸಾಕು. ಮಂಜುಗಡ್ಡೆಯಿಂದ ನೇರ 37 ಡಿಗ್ರಿಗೆ ಹಾಕಿದರೂ ಆಗುತ್ತದೆ. ಕೆಂಪು ಕಣ ಒಡೆಯುವ ಹಂತ, ಜೋರಾದ ಸ್ಪಿನ್, ಪಿಪೆಟ್‌ನಲ್ಲಿ ಮೇಲೆ ಕೆಳಗೆ ಎಳೆದಾಡುವುದು, ಎಲ್ಲವೂ ಸೇರಿಕೊಳ್ಳುತ್ತವೆ. ಜೊತೆಗೆ ಒಂದಿಷ್ಟು ಮಾನೊಸೈಟ್ (ಇನ್ನೊಂದು ಬಗೆಯ ಬಿಳಿ ಕಣ) ಉಳಿದಿದ್ದರೆ ಮುಗೀತು. ಎಂಡೋಟಾಕ್ಸಿನ್ ಕಂಡೊಡನೆ ಅವೇ ಟಿಎನ್‌ಎಫ್, ಐಎಲ್-8 ತಯಾರಿಸುತ್ತವೆ. ನೀವು ಕೊಡದ ಸೈಟೋಕೈನ್ (ಇಂಥ ಸಂಕೇತ ಪ್ರೋಟೀನ್) ಟ್ಯೂಬಿನೊಳಗೇ ಹುಟ್ಟುತ್ತದೆ!

ಇಡೀ ರಕ್ತದಲ್ಲಿ ಒಮ್ಮೆ, ಬೇರೆ ಮಾಡಿದ ಕೂಡಲೇ ಒಮ್ಮೆ ಸಿಡಿ62ಎಲ್ ಅಳೆಯಿರಿ. ನಡುವೆ ಅದು ಬಿದ್ದಿದ್ದರೆ ಕಳ್ಳ ಸಿಕ್ಕ ಹಾಗೆ.

ಕೋಶವಾಸಿ:
ಟ್ರಿಗರ್ ಆಗಿ ಪಿಎಂಎ ಎಂಬ ರಾಸಾಯನಿಕ ಬಳಸುತ್ತಿಲ್ಲ ತಾನೇ? ಅದು ರಿಸೆಪ್ಟರ್ ದಾಟಿ ನೇರ ಕೋಶದೊಳಗಿನ ಪಿಕೆಸಿ ಕಿಣ್ವಕ್ಕೆ ಹೋಗುತ್ತದೆ. ಅಲ್ಲಿ ಪ್ರೈಮಿಂಗ್ ವ್ಯತ್ಯಾಸ ಹುಡುಕಿ ಪ್ರಯೋಜನವಿಲ್ಲ.

ಬಿಳಿಕಣ:
ಇಲ್ಲ, ಎಫ್‌ಎಂಎಲ್‌ಪಿ ಮಾತ್ರ. ಸಿಡಿ62ಎಲ್ ನೋಡಿದೆ. ರಕ್ತದಲ್ಲಿ ಚೆನ್ನಾಗಿತ್ತು, ಕೆಂಪು ಕಣ ಒಡೆದ ಮೇಲೆ ಹೆಚ್ಚುಕಡಿಮೆ ಮಾಯ. ಆ ಹಂತ ಬಿಟ್ಟು, ಬೇಡದ ಕೋಶಗಳನ್ನು ಮ್ಯಾಗ್ನೆಟ್‌ನಿಂದ ತೆಗೆಯುವ ಕಿಟ್‌ಗೆ ಬದಲಾದೆ. ಎಂಡೋಟಾಕ್ಸಿನ್ ಇಲ್ಲದ ಬಫರ್, ಮಂಜುಗಡ್ಡೆ ಬಂದ್. ಈಗ ಎರಡು ಗೆರೆ ಬೇರೆಬೇರೆಯಾಗಿವೆ!

ಆದರೆ ಹೊಸ ತಲೆನೋವು. ಟಿಎನ್‌ಎಫ್ ಒಂದನ್ನೇ ಕೊಟ್ಟ ವೆಲ್ (ಪ್ಲೇಟಿನ ಗುಳಿ) ಕೂಡ ಸ್ವಲ್ಪ ಹೊತ್ತು ಸುಮ್ಮನಿದ್ದು ನಿಧಾನವಾಗಿ ಏರುತ್ತಿದೆ. ಟಿಎನ್‌ಎಫ್ ಸಿದ್ಧ ಮಾಡುತ್ತದೆ, ಸಿಡಿಸುವುದಿಲ್ಲ ಅಂದಿರಲ್ಲ?

ಕೋಶವಾಸಿ:
ಪ್ಲೇಟಿನ ತಳಕ್ಕೆ ಏನಾದರೂ ಲೇಪ ಇದೆಯಾ?

ಬಿಳಿಕಣ:
ಫೈಬ್ರಿನೋಜೆನ್, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್.

ಕೋಶವಾಸಿ:
ಅದೇ ಕಾರಣ. ತೇಲುವ ನ್ಯೂಟ್ರೋಫಿಲ್ ಟಿಎನ್‌ಎಫ್ ಒಂದಕ್ಕೆ ಹೆಚ್ಚೇನೂ ಮಾಡುವುದಿಲ್ಲ. ಆದರೆ ಇಂಥ ಪ್ರೋಟೀನಿಗೆ ಇಂಟೆಗ್ರಿನ್ (ಸಿಡಿ11ಬಿಯಂಥ ಅಂಟು ಪ್ರೋಟೀನ್) ಮೂಲಕ ಅಂಟಿ ಕೂತರೆ ಅದೇ ಟಿಎನ್‌ಎಫ್ ಜೋರಾದ ಸಿಡಿತ ತರಿಸುತ್ತದೆ, ಅದೂ ತಡವಾಗಿ. 1987ರಿಂದಲೇ ಗೊತ್ತಿರುವ ವಿಷಯ. ರಕ್ತನಾಳದಲ್ಲಿ ಹರಿಯುವಾಗ ಸುಮ್ಮನಿದ್ದು, ಅಂಗಾಂಶ ಹಿಡಿದ ಮೇಲೆ ರೇಗುವ ಕೋಶ ಇದು. ನಿಮ್ಮ ಫಲಿತಾಂಶ ತಪ್ಪಲ್ಲ, ಪ್ರಶ್ನೆ ಬೇರೆ ಅಷ್ಟೇ.

ಹಳೇಪಿಪೆಟ್:
ಹ್ಞಾಂ, ನಾನು ತೇಲುವ ಕೋಶದ ಲೆಕ್ಕದಲ್ಲಿ ಹೇಳಿದ್ದೆ. ಮುಂದೆ ಜಿಎಂ-ಸಿಎಸ್‌ಎಫ್ ಎಂಬ ಇನ್ನೊಂದು ಸೈಟೋಕೈನ್ ಹಿಡಿಯುವುದಾದರೆ 30 ನಿಮಿಷಕ್ಕೇ ನಿಲ್ಲಿಸಬೇಡಿ. ಅದು ಟಿಎನ್‌ಎಫ್‌ಗಿಂತ ನಿಧಾನ.

ಬಿಳಿಕಣ:
ಇವತ್ತು ಲೇಪವಿಲ್ಲದ ಟ್ಯೂಬಿನಲ್ಲಿ, ಅಲ್ಲಾಡಿಸುತ್ತಾ ಮಾಡಿದೆ. ಟಿಎನ್‌ಎಫ್ ಒಂದಕ್ಕೆ ಗೆರೆ ನೆಲ ಬಿಟ್ಟು ಏಳಲಿಲ್ಲ. ಎಫ್‌ಎಂಎಲ್‌ಪಿ ಬಿದ್ದ ಕೂಡಲೇ ನೆಟ್ಟಗೆ ಎದ್ದು ನಿಂತಿತು.