ಪದಚರ್ಚೆ: ಈಲಿಯ ‘ಸಿಸ್ಟ್’ ಕೋಶವೋ, ಗುಳ್ಳೆಯೋ, ಚೀಲವೋ?

ಪ್ರಶ್ನೆ:

ನಮಸ್ಕಾರ. ಈಲಿಯಲ್ಲಿ (ಲಿವರ್) ಅಪರೂಪಕ್ಕೆ ಬೆಳೆಯುವ ‘ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ’ (ಲೋಳೆ ತುಂಬಿದ ಚೀಲದಂಥ ಗಡ್ಡೆ) ಬಗ್ಗೆ ರೋಗಿಗಳಿಗಾಗಿ ಒಂದು ಕನ್ನಡ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನಲ್ಲಿ ಅದಕ್ಕೆ ‘ಯಕೃತ್ತಿನ ಲೋಳೆಕೋಶ ಅರ್ಬುದ’ ಎಂದಿದೆ. ಹಳೆಯ ಹೆಸರಾದ ‘ಬಿಲಿಯರಿ ಸಿಸ್ಟಡಿನೋಮ’ಕ್ಕೆ ‘ಪಿತ್ತಕೋಶ ಗ್ರಂಥಿಗಡ್ಡೆ’ ಎಂದಿದೆ. ಇವು ಸರಿಯೇ? ಈ ಗಡ್ಡೆಯ ಗೋಡೆಯಲ್ಲಿ ಕಾಣುವ ‘ಓವೇರಿಯನ್ ಟೈಪ್ ಸ್ಟ್ರೋಮ’ಕ್ಕೆ ಏನನ್ನೋಣ?

ಉತ್ತರ:

ಎರಡನೆಯದನ್ನು ಮೊದಲು ಹೊಡೆದುಹಾಕಿ. ಕನ್ನಡದಲ್ಲಿ ಪಿತ್ತಕೋಶ ಎಂದರೆ ಗಾಲ್‌ಬ್ಲಾಡರ್. ಈ ಗಡ್ಡೆ ಹೆಚ್ಚಾಗಿ ಕಾಣುವುದು ಈಲಿಯ ಒಳಗೆ, ಅದರಲ್ಲೂ ಎಡಭಾಗದಲ್ಲಿ. ‘ಪಿತ್ತಕೋಶ’ ಎಂದು ಓದಿದವರು ಕಲ್ಲು ತೆಗೆಸುವ ಆಪರೇಷನ್ ಎಂದುಕೊಳ್ಳುತ್ತಾರೆ. ಗೊಂದಲದ ಬೇರು ಗ್ರೀಕಿನಲ್ಲೇ ಇದೆ: ‘ಕಿಸ್ಟಿಸ್’ ಎಂದರೆ ಚೀಲ. ಹಾಗಾಗಿಯೇ ‘ಸಿಸ್ಟಿಕ್ ಡಕ್ಟ್’ ಎಂಬುದು ಪಿತ್ತಕೋಶದ ನಾಳ. ಅದನ್ನು ‘ಗುಳ್ಳೆಯ ನಾಳ’ ಎಂದು ಅನುವಾದಿಸಬಾರದು. ‘ಕೋಶ’ ಎಂದರೆ ಜೀವಕೋಶವೆಂದೂ ಓದಿಕೊಳ್ಳುತ್ತಾರೆ, ಅದು ಇನ್ನೊಂದು ತೊಡಕು.

‘ಅರ್ಬುದ’ವೂ ಬೇಡ. ಓದುಗರಿಗೆ ಅದು ನೇರವಾಗಿ ಕ್ಯಾನ್ಸರ್. ನಿಯೋಪ್ಲಾಸಂ ಎಂದರೆ ಹೊಸದಾಗಿ ಹುಟ್ಟಿದ ಬೆಳವಣಿಗೆ ಅಷ್ಟೆ. ಇಲ್ಲಿ ಬಹುತೇಕ ಗಡ್ಡೆಗಳು ಕ್ಯಾನ್ಸರ್ ಆಗಿರುವುದಿಲ್ಲ, ತೆಗೆಯದೆ ಬಿಟ್ಟರೆ ಕೆಲವು ಆಗಬಲ್ಲವು. ‘ಗಡ್ಡೆ’ ಈ ಎರಡನ್ನೂ ಹೊರುವ ಪದ.

ಹಾಗೆಂದು ‘ಗುಳ್ಳೆ’ ಎಂದು ಹಗುರ ಮಾಡಿದರೂ ಅಪಾಯವೇ. ಗುಳ್ಳೆ ಎಂದೊಡನೆ ಬರುವ ಪ್ರಶ್ನೆ: ‘ಸೂಜಿ ಹಾಕಿ ನೀರು ತೆಗೆದರೆ ಸಾಲದೇ ಡಾಕ್ಟ್ರೇ?’ ಸಾಲದು. ನೀರು ತೆಗೆದರೂ, ಮೇಲಿನ ಗೋಡೆಯನ್ನಷ್ಟೇ ಕತ್ತರಿಸಿ ಬಿಟ್ಟರೂ ಒಳಪದರ ಉಳಿದುಬಿಡುತ್ತದೆ. ಅದು ಮತ್ತೆ ಲೋಳೆ ಸುರಿಸಿ ತುಂಬಿಕೊಳ್ಳುತ್ತದೆ. ಚಿಕಿತ್ಸೆಯೆಂದರೆ ಗೋಡೆಸಮೇತ ಪೂರ್ತಿ ತೆಗೆಯುವುದು. ‘ನೀರುಗುಳ್ಳೆ’ಯನ್ನು ಸಾದಾ ಸಿಸ್ಟ್‌ಗೆ ಮೀಸಲಿಡಿ, ತೊಂದರೆ ಕೊಡದಿದ್ದರೆ ಅದನ್ನು ಮುಟ್ಟಬೇಕಾಗಿಯೂ ಇಲ್ಲ. ನಾಯಿಯ ಲಾಡಿಹುಳುವಿನಿಂದ ಬರುವುದನ್ನು ‘ಹೈಡಟಿಡ್’ ಎಂದೇ ಉಳಿಸಿ. ಸ್ಕ್ಯಾನಿನಲ್ಲಿ ಅದೂ ಕೆಲವೊಮ್ಮೆ ಹೀಗೇ ಕಾಣುತ್ತದೆ. ಆದರೆ ಒಡೆದು ನೀರು ಚೆಲ್ಲಿದರೆ ಜೀವಕ್ಕೇ ಕುತ್ತು ತರುವ ಅಲರ್ಜಿ ಆಗಬಹುದು.

ನನ್ನ ಸೂಚನೆ: ‘ಈಲಿಯ ಲೋಳೆಚೀಲಗಡ್ಡೆ’. ಕೊನೆಯ ಪದ ಗಡ್ಡೆ ಆಗಿರುವುದರಿಂದ ತೂಕ ಅಲ್ಲಿಗೇ ಬೀಳುತ್ತದೆ. ಒಳಗೆ ಹಲವು ಕೋಣೆಗಳಿರುವುದನ್ನು ಹೇಳುವ ‘ಮಲ್ಟಿಲಾಕ್ಯುಲರ್’ಗೆ ‘ಬಹುಕೋಷ್ಠೀಯ’ ಎಂಬ ಭಾರದ ಪದ ಏಕೆ? ಅಡ್ಡ ಕೊಯ್ದ ಕಿತ್ತಳೆಯ ಹಾಗೆ ಒಳಗೋಡೆಗಳು ಕಾಣುವುದರಿಂದ ‘ತೊಳೆತೊಳೆಯಾದ’ ಎಂದರೆ ಸಾಕು.

ಸ್ಟ್ರೋಮದ ವಿಷಯಕ್ಕೆ ಬಂದರೆ, ‘ಅಂಡಾಶಯದಲ್ಲಿರುವಂಥ ಆಧಾರ ಅಂಗಾಂಶ’ ಎನ್ನಿ. ಉದ್ದವಾಯಿತೆಂದು ‘ಅಂಥ’ವನ್ನು ಬಿಟ್ಟರೆ ಅಂಡಾಶಯದ ಗಡ್ಡೆಯೇ ಈಲಿಗೆ ಹರಡಿದೆ ಎಂಬ ಅರ್ಥ ಬಂದೀತು. ಈ ಗಡ್ಡೆ ಹೆಚ್ಚುಕಡಿಮೆ ಹೆಂಗಸರಲ್ಲೇ ಕಾಣುವುದರಿಂದ ಆ ತಪ್ಪು ಸುಲಭವಾಗಿ ನಂಬಿಕೆಯಾಗಿಬಿಡುತ್ತದೆ.

ಹಳೆಯ ಹೆಸರನ್ನು ಹೊಸದಕ್ಕೆ ಪರ್ಯಾಯವಾಗಿ ಕೊಡುವಾಗಲೂ ಎಚ್ಚರ. ವಿಶ್ವ ಆರೋಗ್ಯ ಸಂಸ್ಥೆಯ 2010ರ ವರ್ಗೀಕರಣದಲ್ಲಿ ಈ ಅಂಗಾಂಶ ಇದ್ದರಷ್ಟೇ ಅದು ಲೋಳೆಚೀಲಗಡ್ಡೆ. ಅದಿಲ್ಲದೆ, ಪಿತ್ತನಾಳದೊಳಗೆ ಕುಚ್ಚುಕುಚ್ಚಾಗಿ ಬೆಳೆದು ನಾಳವನ್ನು ಹಿಗ್ಗಿಸುವಂಥದ್ದು ಬೇರೆ ಜಾತಿ, ಗಂಡಸರಿಗೂ ಬರುತ್ತದೆ. ಹಳೆಯ ವರದಿಗಳಲ್ಲಿ ಎರಡಕ್ಕೂ ‘ಸಿಸ್ಟಡಿನೋಮ’ ಎಂದೇ ಬರೆದಿರಬಹುದು. ಆದ್ದರಿಂದ ಕೈಪಿಡಿಯಲ್ಲಿ ‘ಹಿಂದೆ ಸಿಸ್ಟಡಿನೋಮ ಎನ್ನುತ್ತಿದ್ದವುಗಳಲ್ಲಿ ಒಂದು ಬಗೆ’ ಎಂದು ಬರೆಯಿರಿ.