ಈ ವಾರದ ಸಮಸ್ಯೆ: ಸತ್ತವಗೆ ಕಲ್ಲುಂಟು, ಬದುಕಿದವಗಿಲ್ಲ

ಗುರುಲಘು:
ಎಲ್ಲರಿಗೂ ಎಳ್ಳುಬೆಲ್ಲ. ಸಂಕ್ರಾಂತಿ ಗಲಾಟೆಯಲ್ಲಿ ಜನವರಿ 14ರ ಇನ್ನೊಂದು ಗುರುತು ಮರೆತೇ ಹೋಗುತ್ತದೆ. ನಮ್ಮ ಶನಿವಾರಸಂತೆಯಲ್ಲಿ ಹುಟ್ಟಿದ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದದ್ದು 1953ರ ಜನವರಿ 14ಕ್ಕೆ. ಆ ನೆನಪಿಗೆ ಈ ದಿನವನ್ನು ನಿವೃತ್ತ ಯೋಧರ ದಿನ ಅಂತ ಆಚರಿಸುತ್ತಾರೆ. ಮಾರನೇ ದಿನ, 15, ಸೇನಾ ದಿನ. 1949ರಲ್ಲಿ ಅದೇ ದಿನ ಅವರು ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದು. 15ರ ಪೆರೇಡ್ ಟಿವಿಯಲ್ಲಿ ಬರುತ್ತದೆ. 14ಕ್ಕೆ ನಾವು ಕಬ್ಬು ತಿನ್ನುತ್ತಾ ಇರುತ್ತೇವೆ.

ಅದಕ್ಕೇ ಈ ಸಾಲು:

ಸತ್ತವಗೆ ಕಲ್ಲುಂಟು, ಬದುಕಿದವಗಿಲ್ಲ

ಹೊಸಬರಿಗೆ ನಿಯಮ ಇನ್ನೊಮ್ಮೆ. ಇದು ಸಮಸ್ಯಾಪೂರಣ: ನಾನು ಕೊಟ್ಟ ಕೊನೆಯ ಸಾಲೇ ಸಮಸ್ಯೆ, ಅದಕ್ಕೆ ಹೊಂದುವ ಮೊದಲ ಮೂರು ಸಾಲು ನೀವು ಕಟ್ಟಬೇಕು. ಚೌಪದಿ. ಐದು ಮಾತ್ರೆಯ ಗಣ. ಒಂದನೇ, ಮೂರನೇ ಸಾಲಿಗೆ ನಾಲ್ಕು ಗಣ. ಎರಡನೇ, ನಾಲ್ಕನೇ ಸಾಲಿಗೆ ಮೂರು ಗಣ, ಅದರ ಮೇಲೆ ಮೂರು ಮಾತ್ರೆ. ನಾಲ್ಕನೇ ಸಾಲು ನಾನು ಕೊಟ್ಟದ್ದು, ಮುಟ್ಟುವ ಹಾಗಿಲ್ಲ. ಪ್ರಾಸ ‘ತ್ತ’. ಒತ್ತಕ್ಷರ ಅದೇ ಅಕ್ಷರದ್ದು, ಹಾಗಾಗಿ ಹಯಪ್ರಾಸ. ಕುದುರೆಯ ಹಾಗೆ ತಾನೇ ಓಡುತ್ತದೆ, ಹೆದರಬೇಡಿ.

ಈ ಸಲ ಒಂದು ಹೆಚ್ಚಿನ ನಿಯಮ: ‘ಹುತಾತ್ಮ’, ‘ಅಮರ’, ‘ಭಾರತಾಂಬೆ’ ಈ ಮೂರು ಪದ ಬಳಸಬಾರದು. ಕೆಟ್ಟ ಪದಗಳು ಅಂತಲ್ಲ. ಅವು ಬಂದ ತಕ್ಷಣ ಪದ್ಯ ಬರೆಯುವವನು ಯೋಚನೆ ಮಾಡೋದು ನಿಲ್ಲಿಸಿಬಿಡುತ್ತಾನೆ. ನನ್ನದೇ ಹಳೆಯ ಪದ್ಯಗಳನ್ನು ನೋಡಿ ಹೇಳುತ್ತಿದ್ದೇನೆ.

ಸಾಲು ಹೊಳೆದದ್ದು ಹೇಗೆ ಅಂದರೆ, ನಮ್ಮೂರ ಬಸ್ ಸ್ಟ್ಯಾಂಡ್ ಹಿಂದೆ ಒಂದು ವೀರಗಲ್ಲಿತ್ತು. ಅಡ್ಡ ಬಿದ್ದಿತ್ತು. ಮೂರು ಅಂಕಣ: ಕೆಳಗೆ ದನ, ಕತ್ತಿ ಹಿಡಿದವನು. ನಡುವೆ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ತುದಿಯಲ್ಲಿ ಲಿಂಗ, ಸೂರ್ಯ, ಚಂದ್ರ. ಹೈಸ್ಕೂಲಿಗೆ ಹೋಗುವಾಗ ನಾವು ಹುಡುಗರು ಅದರ ಮೇಲೆ ಕೂತೇ ಬಸ್ ಕಾಯುತ್ತಿದ್ದದ್ದು. ಪಕ್ಕದಲ್ಲಿ ಬೀಡಿ ಅಂಗಡಿಯ ಹತ್ತಿರ ಒಬ್ಬರು ನಿಲ್ಲುತ್ತಿದ್ದರು, ಮಿಲಿಟರಿ ತಾತ ಅಂತ ಕರೆಯುತ್ತಿದ್ದೆವು. ಅವರು ಯಾವ ಯುದ್ಧದಲ್ಲಿದ್ದರು ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಬೇಗೂರಿನವ:
ನಾನೇ ಮೊದಲು. ನಿಮ್ಮ ಕಲ್ಲಿನ ಮೇಲೇ ಬರೆದೆ.

ಹತ್ತೂರ ದನ ಕಾಯ್ದು ಮಡಿದವನ ನೆನಪಿನಲಿ
ನೆತ್ತರಿನ ಕೊಡಗೆಯನು ಇತ್ತರಂದೆಲ್ಲ
ಹೊತ್ತು ಗಾಯವ ಮನೆಗೆ ಮರಳಿದವ ಕೇಳಿದನು
ಸತ್ತವಗೆ ಕಲ್ಲುಂಟು, ಬದುಕಿದವಗಿಲ್ಲ

ಶಾಸನಗಳಲ್ಲಿ ‘ನೆತ್ತರುಗೊಡಗೆ’ ಅಂತ ಒಂದು ಪದ ಬರುತ್ತದೆ. ಕಾಳಗದಲ್ಲಿ ಸತ್ತವನ ಮನೆಯವರಿಗೆ ಬಿಟ್ಟುಕೊಟ್ಟ ಭೂಮಿ. ಈಗಿನ ಭಾಷೆಯಲ್ಲಿ ಕುಟುಂಬ ಪಿಂಚಣಿ ಅನ್ನಿ. ಆದರೆ ಹೆಸರಿನಲ್ಲೇ ನೆತ್ತರು ಇದೆ ನೋಡಿ, ಗದ್ದೆಗೆ ಕೊಟ್ಟ ಬೆಲೆ ಏನು ಅಂತ ಮೊಮ್ಮಕ್ಕಳೂ ಮರೆಯುವ ಹಾಗಿಲ್ಲ. ನಮ್ಮ ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಸುಮಾರು 890ರ ಒಂದು ಕಲ್ಲಿದೆ. ‘ಬೆಂಗಳೂರು’ ಅನ್ನೋ ಹೆಸರು ಸಿಕ್ಕಿರುವ ತುಂಬ ಹಳೆಯ ದಾಖಲೆ ಅದು. ಯಾಕೆ ಸಿಕ್ಕಿತು ಅಂದರೆ, ಬೆಂಗಳೂರು ಕಾಳಗದಲ್ಲಿ ಒಬ್ಬ ಸತ್ತ, ಅವನಿಗೆ ಕಲ್ಲು ಹಾಕಿಸಿದರು. ಐಟಿ ಊರಿನ ಜನ್ಮಪತ್ರಿಕೆ ಒಂದು ಸಾವಿನ ಕಲ್ಲು!

ಗುರುಲಘು:
‘ಇತ್ತರಂದೆಲ್ಲ’ ಸ್ವಲ್ಪ ಎಳೆದ ಹಾಗಿದೆ, ಆದರೂ ಮೂರನೇ ಸಾಲು ಎಲ್ಲವನ್ನೂ ಎತ್ತಿ ಹಿಡಿದಿದೆ. ಕೇಳುವವನು ಗಾಯಾಳುವೇ ಆಗಿರುವುದು ಒಳ್ಳೆಯದಾಯಿತು.

ಹೊಸಬ:
ಮೊದಲ ಸಲ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೇಳಿ.

ಹತ್ತು ಜನ ಸೈನಿಕರು ಗಡಿಯಲ್ಲಿ ನಿಂತಿದ್ದಾರೆ
ಹೊತ್ತು ಮುಳುಗಿದರೂನು ನಿದ್ದೆಯದು ಇಲ್ಲ
ಮುತ್ತಿನಂಥವರವರು ಮನೆಗೆ ಬಂದರೆ ನೋಡು
ಸತ್ತವಗೆ ಕಲ್ಲುಂಟು, ಬದುಕಿದವಗಿಲ್ಲ

ಗುರುಲಘು:
ಮೊದಲ ಸಲಕ್ಕೆ ಭೇಷ್! ‘ನಿಂತಿದ್ದಾರೆ’ ಏಳು ಮಾತ್ರೆ, ಎರಡು ಜಾಸ್ತಿ. ‘ನಿಂತಿಹರು’ ಅಂದರೆ ಐದಕ್ಕೆ ಇಳಿಯುತ್ತದೆ. ‘ಮುತ್ತಿನಂಥವರು’ ಯಾರಿಗೆ ಬೇಕಾದರೂ ಹೇಳಬಹುದು, ಅದನ್ನು ಮಾತ್ರ ಇನ್ನೊಮ್ಮೆ ನೋಡಿ.

ಪ್ರಾಸಪ್ರಿಯೆ:
ನಮ್ಮ ದೊಡ್ಡಪ್ಪ ಸಿಯಾಚಿನ್‌ನಲ್ಲಿದ್ದವರು. ಆ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಫ್ರಿಜ್‌ನಿಂದ ಐಸ್ ಟ್ರೇ ತೆಗೆದು ಕಟ್ಟೆಗೆ ಕುಟ್ಟಿದರೆ, ಆ ಸದ್ದಿಗೆ ಸುಮ್ನೆ ಎದ್ದು ಹೊರಗೆ ಹೋಗುತ್ತಾರೆ. ಚಪ್ಪಲಿ ಕೂಡ ಹಾಕಿಕೊಳ್ಳುವುದಿಲ್ಲ. ಹತ್ತು ನಿಮಿಷ ಬಿಟ್ಟು ಬಂದು, ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಊಟ ಮುಂದುವರಿಸುತ್ತಾರೆ. ದೊಡ್ಡಮ್ಮ ಈಗ ಟ್ರೇಯನ್ನು ನಲ್ಲಿ ಕೆಳಗೆ ಹಿಡಿದು ಐಸ್ ಬಿಡಿಸುತ್ತಾರೆ. ಹೀಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಮುತ್ತಂಥ ಗೆಳೆಯನನು ಮಂಜಿನಲಿ ಬಿಟ್ಟವಗೆ
ಮತ್ತೆ ಮತ್ತದೆ ಕನಸು ನಿದ್ದೆಯೊಳಗೆಲ್ಲ
ಅತ್ತು ಕರಗುವುದವನ ಎದೆ, ಕಲ್ಲು ಎಲ್ಲಿಯದು?
ಸತ್ತವಗೆ ಕಲ್ಲುಂಟು, ಬದುಕಿದವಗಿಲ್ಲ

ಗುರುಲಘು:
ಇದು ಪೂರಣ! ನಾನು ಕೊಟ್ಟ ‘ಕಲ್ಲು’ ನೆಲದಲ್ಲಿ ನೆಟ್ಟದ್ದು. ನೀವು ಅದನ್ನು ‘ಎದೆ ಕಲ್ಲು ಮಾಡಿಕೊ’ ಅನ್ನುವ ಮಾತಿಗೆ ತಂದಿರಿ. ಸಾವಿನ ಮನೆಯಲ್ಲಿ ನಾವೆಲ್ಲ ಹೇಳುವ ಮಾತು, ಅದೂ ಬದುಕಿದವರಿಗೇ ಹೇಳುವುದು. ನನ್ನ ಸಾಲಿನಲ್ಲಿ ದೂರು ಇತ್ತು. ನಿಮ್ಮ ಪದ್ಯದಲ್ಲಿ ಅದು ಹೊಗಳಿಕೆಯಾಯಿತು. ‘ಕಲ್ಲು ಎಲ್ಲಿಯದು’ ಅಲ್ಲಿ ಸಂಧಿ ಬಿಟ್ಟದ್ದನ್ನು ಯಾರಾದರೂ ಎತ್ತಿದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ.

ಗಿರಮಿಟ್:
ಸಿಯಾಚಿನ್ ಅಂದಿದ್ದಕ್ಕೆ ನಮ್ಮ ಕಡೆಯದು. ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, ಧಾರವಾಡ ಜಿಲ್ಲೆ ಬೆಟದೂರಿನವರು, ಮದ್ರಾಸ್ ರೆಜಿಮೆಂಟ್. 2016ರ ಫೆಬ್ರವರಿ 3ಕ್ಕೆ, 19,000 ಅಡಿಗೂ ಮೇಲಿನ ಠಾಣೆಯ ಮೇಲೆ ಹಿಮ ಕುಸಿಯಿತು. ಹತ್ತು ಜನ ಒಳಗೆ. ಆರು ದಿನ ಆದಮೇಲೆ ಅಗೆದಾಗ ಇವರೊಬ್ಬರಿಗೆ ಉಸಿರಿತ್ತು. ಆ ಎರಡು ಮೂರು ದಿನ ಹುಬ್ಬಳ್ಳಿಯಲ್ಲಿ ಚಾದಂಗಡಿ, ಸಲೂನು, ಮಸೀದಿ, ಮಠ ಎಲ್ಲೆಡೆ ಒಂದೇ ಮಾತು. ನಮ್ಮ ಅಜ್ಜಿ ‘ಏಳ್ತಾನ, ನಮ್ಮ ಮಂದಿ ಗಟ್ಟಿ’ ಅಂತ ಟಿವಿಗೆ ಹೇಳುತ್ತಿದ್ದಳು. 11ಕ್ಕೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಹೋದರು.

ಹತ್ತಿ ಬೆಳೆಯುವ ನೆಲದ ಹುಡುಗ ಹಿಮದಡಿಯಲ್ಲಿ
ಹತ್ತು ಜನರಲಿ ಒಬ್ಬ, ಆರು ದಿನವೆಲ್ಲ
ಮೆತ್ತಗುಸಿರಾಡಿದ್ದ, ಊರ ಕಣ್ಣೀರಿನಲಿ
ಸತ್ತವಗೆ ಕಲ್ಲುಂಟು, ಬದುಕಿದವಗಿಲ್ಲ

ಗುರುಲಘು:
ನೇರ ಹೇಳಲಾ? ನಾಲ್ಕನೇ ಸಾಲು ಮೇಲೆ ಅಂಟಿಸಿದ ಹಾಗಿದೆ. ಇಲ್ಲಿ ಬದುಕಿದವನು ಯಾರು? ಯಾರೂ ಉಳಿಯಲಿಲ್ಲವಲ್ಲ.

ಗಿರಮಿಟ್:
ಖರೆ. ‘ಮೆತ್ತಗುಸಿರಾಡಿದ್ದ’ ಬರೆದ ಮೇಲೆ ನನಗೆ ನಾಲ್ಕನೇ ಸಾಲು ಬೇಕಾಗಿರಲಿಲ್ಲ. ಸಮಸ್ಯಾಪೂರಣ ಅಂತ ಹಾಕಿದೆ ಅಷ್ಟೆ. ಪೂರಣ ಅಂತ ಲೆಕ್ಕಕ್ಕೆ ತಗೋಬೇಡಿ, ಪದ್ಯ ಅಳಿಸಲೂ ಬೇಡಿ.

ಗುರುಲಘು:
ಅಳಿಸುವುದಿಲ್ಲ.

ಬೇಗೂರಿನವ:
ನಡುವೆ ಒಂದು ಸುದ್ದಿ. ಬೆಂಗಳೂರಿನವರು ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನೋಡಿದ್ದೀರಾ? ಮೈಸೂರು ಸಂಸ್ಥಾನದ ಕುದುರೆಪಡೆ ಅದು. ಮೊದಲ ಮಹಾಯುದ್ಧ, 1918ರ ಸೆಪ್ಟೆಂಬರ್ 23, ಈಗಿನ ಇಸ್ರೇಲಿನ ಹೈಫಾ. ಮೆಷಿನ್ ಗನ್ ಎದುರಿಗೆ ಕುದುರೆ, ಈಟಿ. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಯಲ್ಲಿ ಒಂದು ಮೈಸೂರಿನದು. ನಾನು ಆ ದಾರಿಯಲ್ಲಿ ಎಷ್ಟೋ ವರ್ಷ ಓಡಾಡಿದ್ದೇನೆ, ಅದು ಯಾವುದೋ ಪಾರ್ಕು ಅಂದುಕೊಂಡಿದ್ದೆ.

ಮಂಜಿನೂರು:
ಕೊಡಗಿನಿಂದ ತಕರಾರು. ಸಮಸ್ಯೆಯ ಮೊದಲರ್ಧವೇ ಸುಳ್ಳು. ಸತ್ತವರಿಗೆ ಕಲ್ಲು ಯಾವಾಗಲೂ ಸಿಗುತ್ತದೆ ಅಂತ ಯಾರು ಹೇಳಿದ್ದು? ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೋಡಿ. 1965ರ ಸೆಪ್ಟೆಂಬರ್ 7, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿ. ಇವರದು ಮಿಸ್ಟೇರ್ ವಿಮಾನ, ಎದುರಿನದು ಸ್ಟಾರ್‌ಫೈಟರ್, ಇವರದಕ್ಕಿಂತ ಸುಮಾರು ಎರಡು ಪಟ್ಟು ವೇಗದ್ದು. ಪೆಟ್ಟು ತಿಂದ ವಿಮಾನದಲ್ಲೇ ತಿರುಗಿ ಅದನ್ನು ಹೊಡೆದು ಬೀಳಿಸಿದರು. ಅವರು ಮಾತ್ರ ಮರಳಲಿಲ್ಲ. ನಮ್ಮ ಕಡೆ ಕಾಗದದಲ್ಲಿ ‘ಕಾಣೆ’. ಏನಾಯಿತು ಅಂತ ನಮಗೆ ಸರಿಯಾಗಿ ತಿಳಿದದ್ದು ವರ್ಷಗಳ ಮೇಲೆ, ಅದೂ ಆ ಕಡೆಯ ವಿವರ ಹೊರಗೆ ಬಂದಮೇಲೆ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಇಪ್ಪತ್ತಮೂರು ವರ್ಷ! ಹಾಗಾಗಿ ನಿಮ್ಮ ನಿಯಮ ಮುರಿಯುತ್ತಿದ್ದೇನೆ:

ಪತ್ತೆಯಾಗದೆ ಹೋದ ದೇವಯ್ಯನವರಿಗೂ
ಹತ್ತಾರು ವರುಷಗಳು ಪದಕವಿರಲಿಲ್ಲ
ಇತ್ತೆವೆಂಬತ್ತೆಂಟರಲಿ, ಅಲ್ಲಿ ತನಕವೂ
ಸತ್ತವಗು ಕಲ್ಲಿಲ್ಲ, ಕಾದುದೇ ಎಲ್ಲ

ಪ್ರಾಸಪ್ರಿಯೆ:
ಅಯ್ಯೋ, ಸಾಲನ್ನೇ ಬದಲಾಯಿಸಿಬಿಟ್ಟರು! ಇದಕ್ಕೆ ದಂಡ ಏನು?

ಗುರುಲಘು:
ದಂಡ: ಒಂದು ಕೆಜಿ ಕೊಡಗಿನ ಕಿತ್ತಳೆ. ಪದ್ಯ ಸ್ಪರ್ಧೆಯಿಂದ ಹೊರಗೆ. ಆದರೆ ತಕರಾರು ಒಪ್ಪಿದೆ. ನಾನು ‘ಸತ್ತವಗೆ ಕಲ್ಲುಂಟು’ ಅಂತ ಸಲೀಸಾಗಿ ಬರೆದುಬಿಟ್ಟೆ. ಮಡಿಕೇರಿಯಲ್ಲಿ ಈಗ ದೇವಯ್ಯನವರ ಪ್ರತಿಮೆ ಇದೆ. ಅದನ್ನು ನೋಡುವವರಿಗೆ ಆ ಇಪ್ಪತ್ತಮೂರು ವರ್ಷ ಕಾಣುವುದಿಲ್ಲ.

ತೆಂಗಿನಮರ:
ನಾನು ಇಲ್ಲಿ ಬರೀ ಓದುವವನು. ಇವತ್ತು ಬರೆಯಲೇಬೇಕಾಯಿತು.

ನಮ್ಮ ಪಕ್ಕದ ಮನೆಯವರು ನಿವೃತ್ತ ಹವಾಲ್ದಾರ್, ನಾವೆಲ್ಲ ಮಾವ ಅನ್ನುತ್ತೇವೆ. ಪಿಂಚಣಿ ಬರಬೇಕಾದರೆ ವರ್ಷಕ್ಕೊಮ್ಮೆ ‘ನಾನು ಬದುಕಿದ್ದೇನೆ’ ಅಂತ ತೋರಿಸಬೇಕು, ಗೊತ್ತಲ್ಲ, ಜೀವನ ಪ್ರಮಾಣ ಪತ್ರ. 2014ರಿಂದ ಅದು ಬೆರಳಚ್ಚಿನ ಯಂತ್ರದಲ್ಲೂ ಆಗುತ್ತದೆ. ಕಳೆದ ನವೆಂಬರ್‌ನಲ್ಲಿ ಬೈಕಿನಲ್ಲಿ ಕರೆದುಕೊಂಡು ಹೋಗಿದ್ದೆ. ಯಾವ ಕಚೇರಿ ಅಂತ ಹೇಳಲ್ಲ.

ಮಾವನ ಬಲಗೈ ಹೆಬ್ಬೆರಳಿನ ತುದಿ ನುಣ್ಣಗೆ ಇದೆ, ಹೊಳೆದಂಡೆಯ ಕಲ್ಲಿನ ಹಾಗೆ. ಲಡಾಖ್‌ನಲ್ಲಿ ಚಳಿ ಕಡಿದದ್ದು. ಗಾಜಿನ ಮೇಲೆ ಒತ್ತಿದರು. ಕೆಂಪು ದೀಪ. ಪ್ಯಾಂಟಿಗೆ ಒರೆಸಿ ಒತ್ತಿದರು. ಕೆಂಪು. ಕೌಂಟರಿನ ಹುಡುಗಿ ‘ಬೇರೆ ಬೆರಳು ಇಡಿ ಅಂಕಲ್’ ಅಂದಳು, ಪಾಪ ಅವಳದ್ದೇನೂ ತಪ್ಪಿಲ್ಲ. ಹತ್ತು ಬೆರಳೂ ಆಯಿತು. ಮೂರು ಗಂಟೆ ನಿಂತೇ ಇದ್ದೆವು. ಕೂರಲು ಜಾಗ ಇರಲಿಲ್ಲ. ಒಂದು ಸಲವೂ ಗೋಡೆಗೆ ಒರಗಲಿಲ್ಲ ಮಾವ. ನಾನು ನಾಲ್ಕು ಸಲ ಒರಗಿದೆ.

ಒತ್ತಿ ಹೆಬ್ಬೆಟ್ಟನ್ನು ಒರೆಸಿ ಮತ್ತೊತ್ತಿದರು
ಸುತ್ತಿ ಸುತ್ತಿತು ಚಕ್ರ, ಗುರುತು ಸಿಗಲಿಲ್ಲ
ಹೊತ್ತು ಹೋಯಿತು, ನಗುತ ಮಾವ ಹೇಳಿದರೆನಗೆ
ಸತ್ತವಗೆ ಕಲ್ಲುಂಟು, ಬದುಕಿದವಗಿಲ್ಲ

ಎರಡನೇ ಸಾಲಿನ ಚಕ್ರ ಯಾವ ಚಕ್ರವೂ ಅಲ್ಲ, ಕಂಪ್ಯೂಟರ್ ಪರದೆಯ ಮೇಲೆ ತಿರುಗುತ್ತಲ್ಲ, ಅದು.

ಮಂಜಿನೂರು:
ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಕೊನೆಗೆ ಇದು. ನೀವು ಬೇಕಂತಲೇ ಇಟ್ಟಿರಾ?

ತೆಂಗಿನಮರ:
ಇಲ್ಲ ಸ್ವಾಮಿ, ಈಗ ನೀವು ಹೇಳಿದ ಮೇಲೆ ಮೈ ಜುಂ ಅಂತು.

ಪ್ರಾಸಪ್ರಿಯೆ:
ಈಗ ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ದೊಡ್ಡಪ್ಪನಿಗೆ ನಾನೇ ಮನೆಯಲ್ಲಿ ಮಾಡಿಕೊಟ್ಟೆ. ಆ್ಯಪ್ ‘ಕಣ್ಣು ಮಿಟುಕಿಸಿ’ ಅಂತ ಕೇಳುತ್ತದೆ. ಮಾವನಿಗೆ ಹೇಳಿ.

ಗುರುಲಘು:
ನನಗೆ ಇದರ ಮೇಲೆ ಹೇಳೋಕೆ ಏನೂ ಉಳಿದಿಲ್ಲ. ಗಣ ಲೆಕ್ಕ ಹಾಕಿದೆ, ಸರಿಯಿದೆ. ಮಾವ ನಿಜಕ್ಕೂ ಹಾಗೆ ಅಂದರಾ?

ತೆಂಗಿನಮರ:
ಇಲ್ಲ, ಆ ಸಾಲು ನಿಮ್ಮದು. ಅವರು ಅವತ್ತು ಏನೂ ಅನ್ನಲಿಲ್ಲ, ವಾಪಸ್ ಬರುವಾಗ ದಾರಿಯಲ್ಲಿ ಬೋಂಡ ಕೊಡಿಸಿದರು. ನಿನ್ನೆ ಈ ಪದ್ಯಗಳನ್ನೆಲ್ಲ ಓದಿ ಹೇಳಿದೆ. ದೊಡ್ಡಪ್ಪನ ಐಸ್ ಟ್ರೇ ಪದ್ಯವನ್ನು ಎರಡು ಸಲ ಓದಿಸಿದರು. ಆಮೇಲೆ ಕೊನೆಯ ಸಾಲಿಗೆ ನಕ್ಕು, ‘ನನಗ್ಯಾಕಪ್ಪ ಕಲ್ಲು? ಹಾಕೋದೇ ಆದ್ರೆ ಆ ಕೌಂಟರ್ ಹತ್ರ ಒಂದು ಕಲ್ಲುಬೆಂಚು ಹಾಕಿಸಿ. ನನಗಿಂತ ವಯಸ್ಸಾದವರು ಇನ್ನೂ ನಾಲ್ಕು ಜನ ನಿಂತಿದ್ರು’ ಅಂದರು. ಇದನ್ನು ಪದ್ಯಕ್ಕೆ ತರಬೇಕು ಅಂತ ಕೂತೆ. ‘ಕಲ್ಲುಬೆಂಚು’ ಆರು ಮಾತ್ರೆ. ಗಣಕ್ಕೆ ಕೂರುತ್ತಿಲ್ಲ.

ಪ್ರಾಸಪ್ರಿಯೆ:
ಬೆಂಚನ್ನು ಎರಡು ಗಣದ ಮೇಲೆ ಅಡ್ಡ ಹಾಕಿ, ಕೂರುತ್ತದೆ. ಮೂರನೇ ಸಾಲಿಗೆ ತಗೊಳ್ಳಿ:

ಹತ್ತಿರವೆ ಕೌಂಟರಿಗೆ ಕಲ್ಲುಬೆಂಚೊಂದಿರಲಿ

ಮೊದಲ ಎರಡು ಸಾಲು ಮಾವನ ಹತ್ತಿರವೇ ಬರೆಸಿ.